ಬಿಎಂಐ 22.5, ಸಕ್ಕರೆ 6.1: ತೆಳ್ಳಗಿರುವ ನಮಗೇಕೆ ಈ ಕಾಯಿಲೆ?

ನೇಪರ್‌ವಿಲ್ ನಾಗ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಊರು ತುಮಕೂರಿನ ಹತ್ತಿರ, ಈಗ ಇರುವುದು ಶಿಕಾಗೋ ಪಕ್ಕದಲ್ಲಿ. ವಯಸ್ಸು 44, ಎತ್ತರ 170 ಸೆಂ.ಮೀ., ತೂಕ 65 ಕೆ.ಜಿ. ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಅಂದರೆ ಬಿಎಂಐ, 22.5. ಸಿಗರೇಟು, ಮದ್ಯ, ಮಾಂಸ ಯಾವುದರ ಅಭ್ಯಾಸವೂ ಇಲ್ಲ. ಕಳೆದ ವಾರದ ವಾರ್ಷಿಕ ತಪಾಸಣೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ 6.1 ಬಂತು. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 210, ಒಳ್ಳೆಯ ಕೊಲೆಸ್ಟ್ರಾಲ್ 36. ವೈದ್ಯರು ಪರದೆಯ ಮೇಲೆ ಕಣ್ಣಾಡಿಸಿ, "ತೂಕ ಸರಿಯಾಗಿದೆ, ಹೀಗೆಯೇ ಮುಂದುವರಿಸಿ" ಎಂದರು. ಹೀಗೆಯೇ ಮುಂದುವರಿಸಿದ ನನ್ನ ತಂದೆಯವರು 52ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರೂ ಕಡ್ಡಿಯಂತೆ ಇದ್ದವರು.

ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರೋ 'ಮಸಾಲಾ' ಅಧ್ಯಯನದ ಮಾತೆತ್ತಿದರು. ನಾನು ಮೊದಲು ಅಡುಗೆ ಸ್ಪರ್ಧೆ ಎಂದುಕೊಂಡೆ. ನಮ್ಮಂಥವರ ಮೇಲೆ ನಿಜವಾಗಿ ಏನು ಸಂಶೋಧನೆ ನಡೆದಿದೆ? ತಿಳಿದವರು ಹೇಳಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ದಯವಿಟ್ಟು ಇಲ್ಲಿ ಸುರಿಯಬೇಡಿ.

ಅಂಕಿಅಂಶ · ಶನಿವಾರ ರಾತ್ರಿ

ನಾಗ ಅವರೇ, ಮಸಾಲಾ ಹುಟ್ಟಿದ್ದು ಒಂದು ಖಾಲಿ ಜಾಗವನ್ನು ತುಂಬುವುದಕ್ಕಾಗಿ. 2000ದಲ್ಲಿ ಅಮೆರಿಕದಲ್ಲಿ 'ಮೆಸಾ' ಎಂಬ ದೊಡ್ಡ ಹೃದಯ ಅಧ್ಯಯನ ಶುರುವಾಯಿತು. ಅದರಲ್ಲಿ 6,814 ಜನರಿದ್ದರು: ಬಿಳಿಯರು, ಕಪ್ಪು ಜನ, ಹಿಸ್ಪಾನಿಕ್ ಜನ, ಚೀನೀ ಮೂಲದವರು. ದಕ್ಷಿಣ ಏಷ್ಯನ್ನರಿಗೆ ಎಂದು ಒಂದು ಗುಂಪೇ ಇರಲಿಲ್ಲ. ಅಮೆರಿಕದ ಬಹುಪಾಲು ಲೆಕ್ಕಗಳಲ್ಲಿ ನಾವು 'ಏಷ್ಯನ್' ಎಂಬ ಒಂದೇ ಚೀಲದಲ್ಲಿ ಜಪಾನಿನವರ ಜೊತೆ, ಫಿಲಿಪೀನ್ಸ್‌ನವರ ಜೊತೆ ಸೇರಿಹೋಗುತ್ತಿದ್ದೆವು. ಚೀಲದ ಸರಾಸರಿ ಚೆನ್ನಾಗಿಯೇ ಕಾಣುತ್ತಿತ್ತು.

2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲ್ಕಾ ಕಾನಯಾ ಮತ್ತು ನಿಮ್ಮ ಶಿಕಾಗೋದಲ್ಲೇ ಇರುವ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನಮ್ರತಾ ಕಂಡುಲಾ ಅವರ ತಂಡ 40ರಿಂದ 84 ವರ್ಷದ 906 ದಕ್ಷಿಣ ಏಷ್ಯನ್ನರನ್ನು ಸೇರಿಸಿಕೊಂಡು ಮಸಾಲಾ ಆರಂಭಿಸಿತು. ಮೆಸಾದ ಅಳತೆಗಳನ್ನೇ ಅಳೆದದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ ಮೇಲೆ ಮಧುಮೇಹ ಇದ್ದವರು ಬಿಳಿಯರಲ್ಲಿ ಶೇ 6, ಚೀನೀ ಮೂಲದವರಲ್ಲಿ ಶೇ 13, ಹಿಸ್ಪಾನಿಕ್ ಜನರಲ್ಲಿ ಶೇ 17, ಕಪ್ಪು ಜನರಲ್ಲಿ ಶೇ 18. ನಮ್ಮವರಲ್ಲಿ ಶೇ 23. ಸ್ಕ್ಯಾನ್ ಮಾಡಿದಾಗ ಕಂಡದ್ದು ಇನ್ನೂ ಮುಖ್ಯ. ನಮ್ಮವರಲ್ಲಿ ಮಾಂಸಖಂಡ ಕಡಿಮೆ. ಕೊಬ್ಬು ಚರ್ಮದಡಿ ಕೂರುವ ಬದಲು ಹೊಟ್ಟೆಯೊಳಗೆ, ಯಕೃತ್ತಿನಲ್ಲಿ, ಸ್ನಾಯುಗಳ ಸಂದಿಯಲ್ಲಿ ಹೋಗಿ ಕೂತಿತ್ತು. ತೂಕದ ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ. ಅದಕ್ಕೆ ಅಕ್ಕಿಯೂ ಒಂದೇ, ಹತ್ತಿಯೂ ಒಂದೇ.

ಒಂದು ತಕರಾರನ್ನೂ ದಾಖಲಿಸುತ್ತೇನೆ. ಜನರನ್ನು ಹುಡುಕಿದ್ದು ದಕ್ಷಿಣ ಏಷ್ಯದ ಕುಲನಾಮಗಳ ಪಟ್ಟಿ ಹಿಡಿದು. ನಮ್ಮಲ್ಲಿ ಎಷ್ಟು ಜನರಿಗೆ ಕುಲನಾಮ ಇದೆ? ಅಪ್ಪನ ಹೆಸರೋ ಊರಿನ ಹೆಸರೋ ಪಾಸ್‌ಪೋರ್ಟಿನ ಕೊನೆಯ ಖಾನೆಗೆ ಬಿದ್ದಿರುತ್ತದೆ. ಸಾಲದ್ದಕ್ಕೆ ಸೇರಲು ಇಂಗ್ಲಿಷ್, ಹಿಂದಿ ಅಥವಾ ಉರ್ದು ಬರಬೇಕಿತ್ತು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು ಅಲ್ಲಿಯೇ ನೆಲೆಸಿದ, ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಅದರಲ್ಲಿ ಜಾಗವಿರಲಿಲ್ಲ. ಮೊದಲ ಸುತ್ತಿನಲ್ಲಿ ಸೇರಿದವರು ಹೆಚ್ಚಾಗಿ ಓದಿದ, ಅನುಕೂಲಸ್ಥ ಭಾರತೀಯರು. ಆಮೇಲೆ ನ್ಯೂಯಾರ್ಕಿನ ಬಾಂಗ್ಲಾದೇಶಿ ಮತ್ತು ಪಾಕಿಸ್ತಾನಿ ಮೂಲದವರನ್ನೂ ಸೇರಿಸಿಕೊಂಡರು.

ಕಡಲೆಪುರಿ · ಭಾನುವಾರ ಬೆಳಿಗ್ಗೆ

ನನ್ನ ತಾತ ದಿನಕ್ಕೆ ಮೂರು ಹೊತ್ತು ಮುದ್ದೆ, ಮೇಲೆ ತುಪ್ಪ, ರಾತ್ರಿ ಹಾಲು. 91ರ ವರೆಗೆ ಬದುಕಿದರು. ಯಾವ ಸ್ಕ್ಯಾನೂ ಇರಲಿಲ್ಲ. ನಿಮ್ಮ ಈ ಶೇಕಡಾವಾರು ಎಲ್ಲ ಔಷಧ ಕಂಪನಿಯವರ ಕೃಪೆ ಎಂದು ನನ್ನ ಅನುಮಾನ.

ಅಂಕಿಅಂಶ · ಭಾನುವಾರ ಬೆಳಿಗ್ಗೆ

ಕಡಲೆಪುರಿಯವರೇ, ತಾತನವರು ಹೊಲಕ್ಕೆ ನಡೆದುಕೊಂಡು ಹೋಗುತ್ತಿದ್ದರೋ ಅಥವಾ ಕುರ್ಚಿಯಲ್ಲಿ ಕೂತು ಹೊಲದ ಮೀಟಿಂಗ್ ಮಾಡುತ್ತಿದ್ದರೋ? ಇನ್ನೊಂದು ಮಾತು. 91ರ ತಾತನ ಬಗ್ಗೆ ಹೇಳಲು ನೀವಿದ್ದೀರಿ. ಅವರ ಓರಗೆಯವರಲ್ಲಿ 50ಕ್ಕೆ 'ಎದೆ ಹಿಡಿದುಕೊಂಡು ಹೋದ' ಎನಿಸಿಕೊಂಡವರ ಬಗ್ಗೆ ಬರೆಯಲು ಇಲ್ಲಿ ಯಾರೂ ಬಂದಿಲ್ಲ.

ಮಂಡಿ ಮೊಹಲ್ಲಾದವಳು · ಭಾನುವಾರ ಮಧ್ಯಾಹ್ನ

ಶಿಕಾಗೋ, ಸ್ಯಾನ್ ಫ್ರಾನ್ಸಿಸ್ಕೋ ಎಂದು ಎಲ್ಲೆಲ್ಲೋ ಹೋಗಿ ಬಂದಿರಿ. ಈ ಕಥೆಯ ಒಂದು ದೊಡ್ಡ ಅಧ್ಯಾಯ ನಮ್ಮ ಮೈಸೂರಿನದೇ ಎಂದು ಯಾರೂ ಹೇಳಲಿಲ್ಲವಲ್ಲ!

ನಾನು ಹುಟ್ಟಿದ್ದು 1951ರಲ್ಲಿ, ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ. ಊರಿನವರ ಬಾಯಲ್ಲಿ ಅದು ಇಂದಿಗೂ ಮಿಷನ್ ಆಸ್ಪತ್ರೆ. ಜಟಕಾದವರಿಗೆ 'ಮಿಷನ್ ಆಸ್ಪತ್ರೆ' ಎಂದರೆ ಸಾಕಿತ್ತು, ಮುಂದೆ ದಾರಿ ಹೇಳಬೇಕಿರಲಿಲ್ಲ. ನನ್ನ ಅಮ್ಮ ಸಾಯುವವರೆಗೂ "ನೀನು ಹುಟ್ಟಿದಾಗ ಐದೂಕಾಲು ಪೌಂಡು" ಎನ್ನುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ಪೌಂಡು ಎಂದರೆ ಎಷ್ಟೆಂದೂ ಗೊತ್ತಿರಲಿಲ್ಲ, ಆದರೆ ನರ್ಸಮ್ಮ ಹೇಳಿದ ಲೆಕ್ಕ ಮಂತ್ರದಂತೆ ನೆನಪಿತ್ತು.

ಆ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಅರ್ಧ ಶತಮಾನದ ಮೇಲೆ ಆ ದಾಖಲೆಗಳ ಬೆಲೆ ತಿಳಿಯಿತು. ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತಿತರರು ಇಲ್ಲಿಯ ವೈದ್ಯರೊಂದಿಗೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಆಸ್ಪತ್ರೆಯ ಆಸುಪಾಸಿನಲ್ಲೇ ವಾಸವಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಐದೂವರೆ ಪೌಂಡು, ಅಂದರೆ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ. ಏಳು ಪೌಂಡಿಗಿಂತ ಹೆಚ್ಚಿದ್ದವರಲ್ಲಿ ಶೇ 3. ತಾನೂ ಸಣ್ಣ, ಬಸುರಿಯಾಗಿದ್ದಾಗ ಅಮ್ಮನೂ ನೂರು ಪೌಂಡಿಗಿಂತ ಕಡಿಮೆ ಎಂಬಂಥವರಲ್ಲಿ ಶೇ 20!

ನನ್ನ ಐದೂಕಾಲು ಪೌಂಡು ಈಗ ನಿಮಗೆ ಅರ್ಥವಾಗಿರಬೇಕು. 61ಕ್ಕೆ ಸ್ಟೆಂಟ್ ಹಾಕಿಸಿಕೊಂಡೆ. "ನೀವು ಇಷ್ಟು ತೆಳ್ಳಗಿದ್ದೀರಿ, ಗ್ಯಾಸ್ ಇರಬೇಕು" ಎಂದು ಎರಡು ಕಡೆ ಮಾತ್ರೆ ಕೊಟ್ಟು ಕಳಿಸಿದ್ದರು.

ನೇಪರ್‌ವಿಲ್ ನಾಗ · ಭಾನುವಾರ ಮಧ್ಯಾಹ್ನ

ಅಮ್ಮಾ, ಮೈ ಜುಮ್ಮೆಂದಿತು. ಹಾಗಾದರೆ ಸಣ್ಣಗೆ ಹುಟ್ಟಿದವರಿಗೆಲ್ಲ ಸಕ್ಕರೆ ಕಾಯಿಲೆಯೂ ಬರುತ್ತದೆಯೇ?

ಮಂಡಿ ಮೊಹಲ್ಲಾದವಳು · ಭಾನುವಾರ ಸಂಜೆ

ಅಲ್ಲಿಯೇ ಮೈಸೂರಿನ ಲೆಕ್ಕ ಎಲ್ಲರಿಗೂ ತಲೆ ಕೆರೆದುಕೊಳ್ಳುವಂತೆ ಮಾಡಿದ್ದು. ಇಂಗ್ಲೆಂಡಿನಲ್ಲಿ ಕಂಡಂತೆ ಇಲ್ಲಿಯೂ ಸಣ್ಣ ಮಗುವಿಗೇ ಸಕ್ಕರೆ ಎಂದುಕೊಂಡರೆ, ಮಧುಮೇಹ ಹೆಚ್ಚಾಗಿ ಕಂಡದ್ದು ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ, ಅಮ್ಮ ಸ್ವಲ್ಪ ದಪ್ಪಗಿದ್ದವರಲ್ಲಿ. ಬಸುರಿನಲ್ಲಿಯೇ ತಾಯಿಗೆ ಸಕ್ಕರೆ ಏರಿದ್ದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಆಗ ಯಾರು ಅದನ್ನು ಪರೀಕ್ಷಿಸುತ್ತಿದ್ದರು?

ಅದಕ್ಕಾಗಿಯೇ 1997ರಲ್ಲಿ ಅದೇ ಆಸ್ಪತ್ರೆಯಲ್ಲಿ 'ಪಾರ್ಥೆನಾನ್' ಅಧ್ಯಯನ ಶುರುವಾಯಿತು. 830 ಗರ್ಭಿಣಿಯರು, ಅವರಲ್ಲಿ ಶೇ 6.2 ಜನರಿಗೆ ಗರ್ಭಾವಸ್ಥೆಯ ಮಧುಮೇಹ. ಡಾ. ಜಿ.ವಿ. ಕೃಷ್ಣವೇಣಿ, ಡಾ. ಎಸ್.ಆರ್. ವೀಣಾ ಮತ್ತಿತರರು ಆ ಮಕ್ಕಳನ್ನು ವರ್ಷ ವರ್ಷ ಕರೆದು ಅಳೆದರು. ನಮ್ಮ ಬೀದಿಯ ಒಬ್ಬ ಹುಡುಗ ಆ ಗುಂಪಿನವನು. 'ಆಸ್ಪತ್ರೆಯ ಹುಟ್ಟುಹಬ್ಬ' ಎಂದು ನಗುತ್ತಿದ್ದ.

ನಮ್ಮ ಮಕ್ಕಳು ಇಂಗ್ಲೆಂಡಿನ ಮಕ್ಕಳಿಗಿಂತ ಎಲ್ಲ ಅಳತೆಯಲ್ಲೂ ಸಣ್ಣವು. ಆದರೆ ಬೆನ್ನಿನಲ್ಲಿ ಭುಜದ ಮೂಳೆಯ ಕೆಳಗೆ ಚಿವುಟಿ ಅಳೆಯುವ ಕೊಬ್ಬಿನ ಮಡಿಕೆ ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ನಾಲ್ಕು ವರ್ಷಕ್ಕೆ ಅದು ಅಲ್ಲಿಯ ಮಕ್ಕಳನ್ನೂ ಮೀರಿತ್ತು. ತಾವು ಗರ್ಭದಲ್ಲಿದ್ದಾಗ ತಾಯಿಗೆ ಮಧುಮೇಹವಿದ್ದ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೆ ಕೊಬ್ಬು, ಸಕ್ಕರೆ, ಇನ್ಸುಲಿನ್ ಮೂರೂ ಹೆಚ್ಚು. ಇನ್ನೊಂದು ಸಂಗತಿ ಸಸ್ಯಾಹಾರಿ ನಾಗ ಅವರಿಗೆ: ಆ ತಾಯಂದಿರಲ್ಲಿ ಶೇ 43 ಜನರಿಗೆ ಬಿ12 ಜೀವಸತ್ವದ ಕೊರತೆ ಇತ್ತು, ಕೊರತೆ ಇದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹವೂ ಹೆಚ್ಚಿತ್ತು.

ಹ್ಯಾರೋ ವೈದ್ಯ · ಭಾನುವಾರ ರಾತ್ರಿ

ಅಮ್ಮನವರು ಹೇಳಿದ ಬೆನ್ನಿನ ಮಡಿಕೆಗೆ ಪುಣೆಯಲ್ಲಿ ಒಂದು ಹೆಸರು ಸಿಕ್ಕಿತು: ತೆಳು-ದಪ್ಪ ಮಗು. ಡಾ. ಚಿತ್ತರಂಜನ್ ಯಾಜ್ಞಿಕ್ ಅವರದು. 2004ರಲ್ಲಿ ಅವರು ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಲ್ಯಾನ್ಸೆಟ್‌ನಲ್ಲಿ ಒಂದು ಪುಟದ ಟಿಪ್ಪಣಿ ಬರೆದರು, ಜೊತೆಗೆ ಇಬ್ಬರೂ ಪಕ್ಕಪಕ್ಕ ನಿಂತ ಚಿತ್ರ. ಇಬ್ಬರ ಬಿಎಂಐಯೂ 22.3. ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಯುಡ್ಕಿನ್ ಮ್ಯಾರಥಾನ್ ಓಡುವವರು. ತಮ್ಮ ಮುಖ್ಯ ವ್ಯಾಯಾಮ ಎಂದರೆ ಬೆಳಿಗ್ಗೆ ಆಸ್ಪತ್ರೆಯ ಲಿಫ್ಟ್ ಬಾಗಿಲು ಮುಚ್ಚುವುದರೊಳಗೆ ಓಡಿ ಸೇರುವುದು ಎಂದು ಯಾಜ್ಞಿಕ್ ತಮ್ಮನ್ನೇ ಗೇಲಿ ಮಾಡಿಕೊಂಡಿದ್ದರು. ಅವರೂ ಕಡಿಮೆ ತೂಕದಲ್ಲಿ ಹುಟ್ಟಿದವರು. ನಾಗ ಅವರೇ, ನಿಮ್ಮ 22.5ಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡಿ ನನಗೆ ಗೊತ್ತಿಲ್ಲ.

ನಮ್ಮ ಬ್ರಿಟನ್ನಿನಲ್ಲಿ ಇದು ಹಳೆಯ ವಿಷಯ. ನಮ್ಮ ಮನೆಯಿಂದ ದೂರವಿಲ್ಲದ, ಲಂಡನ್ನಿನ ಸೌತಾಲ್‌ನಲ್ಲಿ ಪಂಜಾಬಿಗಳೇ ಹೆಚ್ಚು. ಮೆಕೀಗ್, ಶಾ, ಮಾರ್ಮೊಟ್ ಅವರು ಆ ಭಾಗದ 3,193 ಗಂಡಸರು, 561 ಹೆಂಗಸರನ್ನು ಪರೀಕ್ಷಿಸಿ 1991ರಲ್ಲಿ ಬರೆದರು: ಮಧುಮೇಹ ದಕ್ಷಿಣ ಏಷ್ಯನ್ನರಲ್ಲಿ ಶೇ 19, ಯುರೋಪಿಯನ್ನರಲ್ಲಿ ಶೇ 4. ಇದರ ಮೂಲ: ಹೊಟ್ಟೆಯ ಕೊಬ್ಬು, ಇನ್ಸುಲಿನ್‌ಗೆ ಮೈ ಮಣಿಯದಿರುವುದು. 2021ರಲ್ಲಿ ಇಂಗ್ಲೆಂಡಿನ ಸುಮಾರು 14.7 ಲಕ್ಷ ಜನರ ದಾಖಲೆ ಜಾಲಾಡಿದ ಅಧ್ಯಯನ ಬಂತು. ಬಿಳಿಯರಿಗೆ ಬಿಎಂಐ 30ರಲ್ಲಿ ಇರುವ ಮಧುಮೇಹದ ಅಪಾಯ ನಮಗೆ 23.9ರಲ್ಲೇ ಬಂದುಬಿಡುತ್ತದೆ.

ಹೃದಯ ಕಾಯಿಲೆಯ ಅಪಾಯ ಅಂದಾಜಿಸಲು ಇಲ್ಲಿ ನಾವು ಬಳಸುವ ಕ್ಯೂರಿಸ್ಕ್ ಎಂಬ ಲೆಕ್ಕಾಚಾರ 2008ರಿಂದಲೇ ರೋಗಿ ಭಾರತೀಯರೋ ಪಾಕಿಸ್ತಾನಿಯೋ ಬಾಂಗ್ಲಾದೇಶಿಯೋ ಎಂದು ಬೇರೆ ಬೇರೆಯಾಗಿ ಕೇಳುತ್ತದೆ. ನಿಮ್ಮಲ್ಲಿ 2015ರಿಂದ ಏಷ್ಯನ್ ಮೂಲದವರಿಗೆ ಬಿಎಂಐ 23 ಮುಟ್ಟಿದರೆ ಸಕ್ಕರೆ ಪರೀಕ್ಷೆ ಮಾಡಿ ಎಂಬ ಸಲಹೆ ಇದೆ. ನೀವು ಆ ಬಲೆಯಿಂದಲೂ ಅರ್ಧ ಅಂಕದಲ್ಲಿ ನುಸುಳಿಕೊಂಡಿದ್ದೀರಿ! ಆದರೆ 2018ರ ಅಮೆರಿಕದ ಕೊಲೆಸ್ಟ್ರಾಲ್ ಮಾರ್ಗಸೂಚಿ ದಕ್ಷಿಣ ಏಷ್ಯದ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿ ಸೇರಿಸಿದೆ. 55ರೊಳಗೆ ತಂದೆಗೆ ಹೃದಯ ಕಾಯಿಲೆ ಬಂದಿರುವುದೂ ಅದೇ ಪಟ್ಟಿಯಲ್ಲಿದೆ. ಮುಂದಿನ ಸಲ ಇವೆರಡನ್ನೂ ವೈದ್ಯರ ಮುಂದಿಟ್ಟು, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಲೈಪೊಪ್ರೋಟೀನ್(ಎ) ಎಂಬ ಕಣದ ಪರೀಕ್ಷೆಯನ್ನೂ ಒಮ್ಮೆ ಕೇಳಿ. ಅದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು, ನಮ್ಮಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೆಚ್ಚಿರುತ್ತದೆ. ನಾನು ಬರೆದದ್ದನ್ನು ಔಷಧ ಚೀಟಿ ಎಂದುಕೊಳ್ಳಬೇಡಿ.

ಬಯಲುಸೀಮೆ · ಸೋಮವಾರ ಬೆಳಿಗ್ಗೆ

ಇದಕ್ಕೆಲ್ಲ ಕಾರಣ ಬ್ರಿಟಿಷರ ಕಾಲದ ಬರಗಾಲಗಳು. ಹಸಿದ ಪೂರ್ವಜರ ಜೀನ್ ನಮ್ಮಲ್ಲಿ ಕೊಬ್ಬು ಕೂಡಿಡುತ್ತಿದೆ. ನಮ್ಮ ಮೈಸೂರು ಸಂಸ್ಥಾನದ ಧಾತು ಸಂವತ್ಸರದ ಬರ ಓದಿದವರಿಗೆ ಗೊತ್ತು.

ಅಂಕಿಅಂಶ · ಸೋಮವಾರ ಬೆಳಿಗ್ಗೆ

ಬರ ನಿಜ, ಭೀಕರವೂ ನಿಜ. ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು, 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆದರೆ ಅಲ್ಲಿಂದ ಇಂದಿನ ಸಕ್ಕರೆ ಕಾಯಿಲೆಗೆ ನೇರ ಗೆರೆ ಎಳೆಯಲು ಬರುವುದಿಲ್ಲ. 1944–45ರ ಚಳಿಗಾಲದ ಡಚ್ ಕ್ಷಾಮದಲ್ಲಿ ಗರ್ಭದಲ್ಲಿದ್ದವರಿಗೆ ದೊಡ್ಡವರಾದ ಮೇಲೆ ಸಕ್ಕರೆ ಅರಗಿಸುವ ಶಕ್ತಿ ಕುಂದಿದ್ದು ಸಾಬೀತಾಗಿದೆ. ಅದು ಗರ್ಭದಲ್ಲಿದ್ದ ಮಗುವಿನ ಮಾತು. ಐದಾರು ತಲೆಮಾರು ದಾಟಿ ಬಂದಿದೆ ಎಂಬುದಕ್ಕೆ ಅಂಥ ಪುರಾವೆ ಇಲ್ಲ. 1962ರಲ್ಲಿ ಜೇಮ್ಸ್ ನೀಲ್ ಮುಂದಿಟ್ಟ 'ಮಿತವ್ಯಯದ ಜೀನ್' ಇಂದಿಗೂ ಊಹೆಯ ಮಟ್ಟದಲ್ಲೇ ಇದೆ. ನಾಗ ಅವರು ಮೊದಲೇ ಬೇಡಿಕೊಂಡಿದ್ದರು, ವಾಟ್ಸ್ಆ್ಯಪ್ ಸುರಿಯಬೇಡಿ ಎಂದು.

ಬಯಲುಸೀಮೆ · ಸೋಮವಾರ ಬೆಳಿಗ್ಗೆ

ವಾಟ್ಸ್ಆ್ಯಪ್ ಅಲ್ಲ ಸ್ವಾಮಿ, ಯೂಟ್ಯೂಬ್.

ಸೊಪ್ಪಿನ ಸಾರು · ಸೋಮವಾರ ಮಧ್ಯಾಹ್ನ

ನಾನು ಬೆಂಗಳೂರಿನಲ್ಲಿ ಆಹಾರ ತಜ್ಞೆ. ಮುದ್ದೆಯ ಮಾತು ಬಂದದ್ದರಿಂದ ಬಾಯಿ ಹಾಕುತ್ತಿದ್ದೇನೆ, ಬೈಸಿಕೊಳ್ಳಲು ಸಿದ್ಧಳಾಗಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಧುಮೇಹ ಸಮೀಕ್ಷೆ ಇಂಡಿಯಾಬ್ ದೇಶದ ಎಲ್ಲ ರಾಜ್ಯಗಳಲ್ಲಿ 1,13,043 ಜನರನ್ನು ನೋಡಿತು. 2023ರಲ್ಲಿ ಪ್ರಕಟವಾದ ಲೆಕ್ಕದಂತೆ ಮಧುಮೇಹ ಶೇ 11.4, ಅದರ ಹೊಸ್ತಿಲಲ್ಲಿ ನಿಂತವರು ಶೇ 15.3, ಸೊಂಟದ ಅಳತೆ ಮೀರಿದವರು ಶೇ 39.5. ಅದೇ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಬಂತು: ನಮ್ಮ ಊಟದ ಶಕ್ತಿಯಲ್ಲಿ ಶೇ 62ರಷ್ಟು ಬರುವುದು ಪಿಷ್ಟದಿಂದ. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ತಂದು ಕೂರಿಸಿದ ಮಾತ್ರಕ್ಕೆ ಅಪಾಯ ತಗ್ಗುವುದು ಕಾಣಲಿಲ್ಲ. ಒಟ್ಟು ಪಿಷ್ಟವೇ ಇಳಿದು ಆ ಜಾಗಕ್ಕೆ ಕಾಳು, ಹಾಲು-ಮೊಸರಿನಂಥ ಪ್ರೋಟೀನ್ ಬಂದರೆ ಅಪಾಯ ಕಡಿಮೆ.

ನನ್ನ ಬಳಿ ಬರುವವರು "ಅನ್ನ ಬಿಟ್ಟೆ ಮೇಡಂ, ರಾಗಿ ಶುರು ಮಾಡಿದೆ" ಎಂದು ಹೆಮ್ಮೆಯಿಂದ ಹೇಳುತ್ತಾರೆ. ಮುದ್ದೆಯ ಗಾತ್ರ ತೋರಿಸಿ ಎಂದರೆ ಎರಡೂ ಕೈ ಎತ್ತುತ್ತಾರೆ. ಮುದ್ದೆ ಕಿತ್ತಳೆ ಹಣ್ಣಿನಷ್ಟಿರಲಿ, ಬಸ್ಸಾರಿನ ಕಾಳು ಸೊಪ್ಪು ಮುದ್ದೆಗಿಂತ ಹೆಚ್ಚಿರಲಿ. ತಿಳಿ ಬಸಿದುಕೊಂಡು ಕಾಳನ್ನು ಪಾತ್ರೆಯಲ್ಲೇ ಬಿಡುವ ಮನೆಗಳನ್ನು ನಾನು ಬಹಳ ನೋಡಿದ್ದೇನೆ.

ಮತ್ತೆ ನಾಗ ಅವರೇ, 6.1 ಎಂದರೆ ಇನ್ನೂ ಹೊಸ್ತಿಲು. ಚೆನ್ನೈನ ಡಾ. ರಾಮಚಂದ್ರನ್ ತಂಡ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ವರದಿ ಮಾಡಿತು. ಸುಮ್ಮನೆ ಬಿಟ್ಟವರಲ್ಲಿ ಶೇ 55 ಜನ ಮಧುಮೇಹಕ್ಕೆ ಜಾರಿದರು. ನಡಿಗೆ, ಊಟ ಸರಿಪಡಿಸಿದವರಲ್ಲಿ ಶೇ 39.

ಕಡಲೆಪುರಿ · ಸೋಮವಾರ ಸಂಜೆ

ಕಿತ್ತಳೆ ಹಣ್ಣಿನಷ್ಟು ಮುದ್ದೆಯೇ? ಅದನ್ನು ನಮ್ಮ ಕಡೆ ಮುದ್ದೆ ಎನ್ನುವುದಿಲ್ಲ ಮೇಡಂ, ಗೋಲಿ ಎನ್ನುತ್ತಾರೆ.

ಗೊರೂರು ದಾರಿ · ಸೋಮವಾರ ರಾತ್ರಿ

ಹಾಸನದಿಂದ ಬರೆಯುತ್ತಿದ್ದೇನೆ. 2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತಗಳ ಸುದ್ದಿ ದಿನವೂ ಟಿ.ವಿ.ಯಲ್ಲಿ ಬಂದಾಗ ಅರ್ಧ ಊರು ಬಸ್ ಹತ್ತಿ ಜಯದೇವಕ್ಕೆ ಓಡಿತು. ಸರ್ಕಾರದ ತಜ್ಞರ ಸಮಿತಿ ಅಸಹಜ ಏರಿಕೆ ಇಲ್ಲ ಎಂದಿತು. ಸಮಾಧಾನ ಪಡಬೇಕೋ ಬೇಡವೋ ತಿಳಿಯಲಿಲ್ಲ. ಮೊದಲಿಂದಲೂ ಇಷ್ಟೇ ಜನ ಹೀಗೆಯೇ ಹೋಗುತ್ತಿದ್ದರು ಎಂದಲ್ಲವೇ ಅದರ ಅರ್ಥ?

ಹ್ಯಾರೋ ವೈದ್ಯ · ಸೋಮವಾರ ರಾತ್ರಿ

ನಿಮ್ಮ ಪ್ರಶ್ನೆ ಸರಿಯಾಗಿದೆ. ಹೃದಯಾಘಾತದ ಮೇಲೆ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಆಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯದಲ್ಲಿ 53, ಉಳಿದ ದೇಶಗಳಲ್ಲಿ ಸುಮಾರು 59. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಕ್ಸೇವಿಯರ್ ಮುಂದಾಳತ್ವದಲ್ಲಿ 20,468 ರೋಗಿಗಳ ದಾಖಲೆ 2008ರಲ್ಲಿ ಬಂತು. ನೋವು ಶುರುವಾದ ಮೇಲೆ ಆಸ್ಪತ್ರೆ ತಲುಪಲು ಹಿಡಿದ ಸಮಯದ ನಡುಬೆಲೆ (ಅರ್ಧ ಜನ ಇದಕ್ಕಿಂತ ತಡ) 360 ನಿಮಿಷ. ಆರು ಗಂಟೆ! ಗ್ಯಾಸ್, ಸೋಡಾ, ಓಮದ ನೀರು ಎಲ್ಲ ಮುಗಿದ ಮೇಲೆ ಹೊರಡುವುದು.

ಮಂಡಿ ಮೊಹಲ್ಲಾದವಳು · ಮಂಗಳವಾರ ಬೆಳಿಗ್ಗೆ

ಓಮದ ನೀರು ನಾನೂ ಕುಡಿದಿದ್ದೆ.

ನಾಗ ಅವರೇ, ಸೊಂಟ ಅಳೆದಿರಾ? ಪ್ಯಾಂಟಿನ ನಂಬರು ಹೇಳಬೇಡಿ. ನಮ್ಮ ಗಂಡಸರು ಬೆಲ್ಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟಿಕೊಂಡು 'ಮೂವತ್ನಾಲ್ಕೇ' ಎನ್ನುತ್ತಾರೆ. ಅಂಗಿ ಎತ್ತಿ, ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ನೋಡಬೇಕು. ಒಳಗೆ ಎಳೆದುಕೊಳ್ಳುವುದು ಬೇಡ. ನಮ್ಮ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಗಡಿ.

ನೇಪರ್‌ವಿಲ್ ನಾಗ · ಬುಧವಾರ ರಾತ್ರಿ

ಪ್ಯಾಂಟು 34. ಹೆಂಡತಿಯ ಹೊಲಿಗೆ ಡಬ್ಬಿಯ ಟೇಪಿನಲ್ಲಿ 92. ಮೊದಲ ಸಲ 89 ಬಂದಿತ್ತು. "ಉಸಿರು ಬಿಡಿ" ಎಂದು ಅವಳು ಬೆನ್ನಿಗೆ ಗುದ್ದಿದ ಮೇಲೆ 92.

ವೈದ್ಯರಿಗೆ ಬರೆದೆ. ಲೈಪೊಪ್ರೋಟೀನ್(ಎ) ಮತ್ತು ಬಿ12 ಎರಡಕ್ಕೂ ಚೀಟಿ ಕೊಟ್ಟಿದ್ದಾರೆ, ಶುಕ್ರವಾರ ರಕ್ತ ಕೊಡಬೇಕು. ಕೊಲೆಸ್ಟ್ರಾಲ್ ಮಾತ್ರೆಯ ವಿಷಯ ಅದರ ಮೇಲೆ ಮಾತಾಡೋಣ ಎಂದಿದ್ದಾರೆ.

ಅಮ್ಮನಿಗೆ ಫೋನ್ ಮಾಡಿ ನಾನು ಹುಟ್ಟಿದಾಗ ಎಷ್ಟು ತೂಕವಿದ್ದೆ ಎಂದು ಕೇಳಿದೆ. ನಮ್ಮದು ಮನೆಯ ಹೆರಿಗೆ, ಸೂಲಗಿತ್ತಿ ಮಾಡಿಸಿದ್ದು. ತೂಕದ ಪ್ರಶ್ನೆಯೇ ಇಲ್ಲ. "ಮೊರದಲ್ಲಿ ಮಲಗಿಸಿದರೆ ಅರ್ಧ ಮೊರವೂ ತುಂಬಲಿಲ್ಲ" ಎಂದಳು. ಇದನ್ನು ಪೌಂಡಿಗೆ ಹೇಗೆ ತಿರುಗಿಸುವುದು?

ಮಂಡಿ ಮೊಹಲ್ಲಾದವಳು · ಗುರುವಾರ ಬೆಳಿಗ್ಗೆ

ಮೊರ ರಾಗಿ ಕೇರುವುದೋ, ಅಕ್ಕಿ ಕೇರುವುದೋ? ಅದನ್ನೂ ಕೇಳಿ ತಿಳಿಸಿ. ರಾಗಿಯದಾದರೆ ದೊಡ್ಡದಿರುತ್ತದೆ.